ಬಲ್ಮಠದಿಂದ ಜೆರಿಕೋವರೆಗೆ: ಒಂದು ಸಭೆಯ ಪೂರ್ವ ವೃತ್ತಾಂತ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾವು ಮೊದಲು ಮಾಡಿದ ಕೆಲಸ, ಮನೆಯ ನೆಲಮಾಳಿಗೆಗೆ ಇಳಿದು ಒಂದು ರಟ್ಟಿನ ಪೆಟ್ಟಿಗೆ ತೆರೆದದ್ದು. ಹಿಂದೊಮ್ಮೆ ಕಾರ್ಯದರ್ಶಿಯಾಗಿದ್ದ ಹಿರಿಯರೊಬ್ಬರು ಮನೆ ಮಾರಿ ಫ್ಲಾರಿಡಾಕ್ಕೆ ಹೊರಟಾಗ ನಮಗೆ ಒಪ್ಪಿಸಿದ ಪೆಟ್ಟಿಗೆ ಅದು. ಒಳಗೆ ಹಳೆಯ ಕರಪತ್ರಗಳು, ನಾಟಕದ ಫೋಟೋಗಳು, ಚಂದಾ ಪುಸ್ತಕ, ಕನ್ನಡದಲ್ಲಿ ಬರೆದ ಸಭೆಯ ನಡವಳಿಗಳು. ಈಚೆಗೆ ನಡವಳಿಗಳೆಲ್ಲ ಇಂಗ್ಲಿಷಿನಲ್ಲಿವೆ. ಸಂಘ ಕಟ್ಟಿದವರು ಒಬ್ಬೊಬ್ಬರಾಗಿ ಮಕ್ಕಳ ಊರು ಸೇರುತ್ತಿದ್ದಾರೆ. ಕೆಲವರು ನಮ್ಮನ್ನು ಅಗಲಿಯೇ ಹೋಗಿದ್ದಾರೆ. ಇಂಥ ಸಂಧಿಕಾಲದಲ್ಲಿ ಒಂದು ಸಮುದಾಯ ತನ್ನ ಚರಿತ್ರೆಯನ್ನು ಏಕೆ ಹುಡುಕಿಕೊಳ್ಳಬೇಕು?

ವೈದ್ಯರಾದ ನಮಗೆ ಇದಕ್ಕೆ ಒಂದು ಉತ್ತರ ಗೊತ್ತು. ಎಂ.ಬಿ.ಬಿ.ಎಸ್. ಓದುವಾಗಲೂ, ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡುವಾಗಲೂ ಗುರುಗಳು ಹೇಳಿಕೊಟ್ಟ ಮೊದಲ ಪಾಠ ಒಂದೇ: ರೋಗಿಯನ್ನು ಮುಟ್ಟುವ ಮುನ್ನ ಅವನ ಪೂರ್ವ ವೃತ್ತಾಂತ ಕೇಳು. ಆದ್ದರಿಂದ ಈ ಬಾರಿ ಒಂದು ಸಭೆಯ ಪೂರ್ವ ವೃತ್ತಾಂತವನ್ನು ಓದುಗರ ಮುಂದಿಡುತ್ತೇವೆ.

ನಾವು ವಾಸಿಸುವ ಜೆರಿಕೋ ಹಳೆಯ ಊರು. ಇಲ್ಲಿಯ ಕ್ವೇಕರರ ಪ್ರಾರ್ಥನಾ ಮಂದಿರ 1788ರಲ್ಲಿ ಕಟ್ಟಿದ್ದು. ಗುಲಾಮಗಿರಿಯ ವಿರುದ್ಧ ದನಿಯೆತ್ತಿದ ಎಲಿಯಾಸ್ ಹಿಕ್ಸ್ ಬಾಳಿದ ಊರೂ ಇದೇ. ನಾವು ದೋಸೆ ತಿನ್ನಲು, ಕರಿಬೇವು ಕೊಳ್ಳಲು ಓಡುವ ಪಕ್ಕದ ಹಿಕ್ಸ್‌ವಿಲ್‌ಗೆ ಆ ಮನೆತನದ್ದೇ ಹೆಸರು. 19ನೆಯ ಶತಮಾನದ ಮಧ್ಯದಲ್ಲಿ ಆ ಹಿಕ್ಸ್‌ವಿಲ್‌ಗೆ ಜರ್ಮನಿಯಿಂದ ರೈತರೂ ಕುಶಲಕರ್ಮಿಗಳೂ ವಲಸೆ ಬಂದು ನೆಲೆಸಿದರು. ಅವರೊಡನೆ ಲುಥೆರನ್ ಆರಾಧನೆಯೂ ಬಂತು. ಸರಿಸುಮಾರು ಅದೇ ದಶಕಗಳಲ್ಲಿ ಅದೇ ಜರ್ಮನ್ ನಾಡುಗಳಿಂದ ಬೇರೆ ಕೆಲವರು ಬೇರೆ ಹಡಗು ಹತ್ತಿ ನಮ್ಮ ಮಂಗಳೂರಿಗೆ ಹೋಗುತ್ತಿದ್ದರು. ಅವರು ಅಲ್ಲಿ ಕಟ್ಟಿದ ಸಭೆಯೇ ನಮ್ಮ ಕಥಾವಸ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಅದು ಶುದ್ಧ ಲುಥೆರನ್ ಸಂಸ್ಥೆಯೇನಲ್ಲ. ಸ್ವಿಸ್ ರಿಫಾರ್ಮ್ಡ್ ಸಂಪ್ರದಾಯದವರೂ ಜರ್ಮನಿಯ ಲುಥೆರನ್ನರೂ ಒಂದೇ ಚಾವಡಿಯಲ್ಲಿ ಕೂತ ಸಂಸ್ಥೆ. ಆದರೆ ಅದರಿಂದ ಹೊರಟವರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲುಥೆರನ್ ಭಕ್ತಿಪಂಥದವರು. 1834ರ ಅಕ್ಟೋಬರ್ ಕೊನೆಯಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರು ಮುಟ್ಟಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ ಬೆಟಗೇರಿ, ಹೀಗೆ ಕೆಲಸ ಘಟ್ಟ ಹತ್ತಿತು.

ಸಭೆ ಸೇರಿದವರು ಯಾರು? ಕರಾವಳಿಯಲ್ಲಿ ಹೆಚ್ಚಿನವರು ಬಿಲ್ಲವರೇ ಮೊದಲಾದ ದುಡಿಯುವ ಜನ. ಮತ ಬದಲಾದೊಡನೆ ಜಾತಿಯ ನಂಟು ಹರಿಯುತ್ತಿತ್ತು, ಅದರ ಜೊತೆಗೆ ಅನ್ನದ ದಾರಿಯೂ. ಅದಕ್ಕೇ ಮಿಷನ್ ನೇಯ್ಗೆ ಹಾಕಿತು, ಅಚ್ಚುಕೂಟ ಹಾಕಿತು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್ ಎಂಬಾತ ಸ್ಥಳೀಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ. ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜನ ಮನೆಗೆ ಮಳೆಗಾಲದಲ್ಲಿ ನೆರಳಾದ ‘ಮಂಗಳೂರು ಹಂಚು’ ಹುಟ್ಟಿದ್ದು ಹಾಗೆ. ಒಂದು ಮಾತನ್ನು ಮುಚ್ಚಿಡಬಾರದು: ಉದ್ಯೋಗ ಕೊಡುವವನೂ ಬೋಧಿಸುವವನೂ ಒಬ್ಬನೇ ಆದಾಗ ಸಭೆ ತನ್ನ ಕಾಲ ಮೇಲೆ ನಿಲ್ಲುವುದು ತಡವಾಗುತ್ತದೆ. ಇಲ್ಲಿಯೂ ಹಾಗೇ ಆಯಿತು.

ಕನ್ನಡಕ್ಕೆ ಅವರಿಂದ ಸಂದದ್ದು ನಮ್ಮ ಓದುಗರಿಗೆ ತಿಳಿದದ್ದೇ. 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಮುಂದೆ ಆತನೇ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದ. ಮತಬೋಧನೆಗೆ ಬಂದವನು ದಾಸರ ಪದಗಳನ್ನು ಉಳಿಸಿದ! ಲುಥೆರನ್ ಪಾದ್ರಿಯ ಮಗ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ನಮ್ಮ ಕೈಗಿತ್ತ. ನಮ್ಮ ಮನೆಯ ಕಪಾಟಿನಲ್ಲೂ ಅದರ ಒಂದು ಮರುಮುದ್ರಣ ಇದೆ.

ಆದರೆ ನಾವು ನೆನೆಯಬೇಕಾದ ಇನ್ನೊಂದು ಹೆಸರಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ. 1844ರಲ್ಲಿ ಅವರು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗಲಭೆಯೇ ಆಯಿತು. 1846ರಲ್ಲಿ ಬಾಸೆಲ್‌ಗೆ ಹೋಗಿ, ಐದು ವರ್ಷ ಓದಿ, 1851ರಲ್ಲಿ ಬೋಧಕರಾಗಿ ಮರಳಿದರು. ವಿಮಾನವಿಲ್ಲ, ಟೆಲಿಫೋನಿಲ್ಲ, ಸಮುದ್ರ ದಾಟಿದರೆ ಜಾತಿ ಹೋಗುತ್ತಿದ್ದ ಕಾಲ. ಹಿಂದಿರುಗಲು ಮನೆಯೂ ಉಳಿದಿರದ ಆ ಪರದೇಶವಾಸಿಯ ಚಳಿಗಾಲಗಳನ್ನು, ಲಾಂಗ್ ಐಲೆಂಡಿನ ಹಿಮ ಗೋರುತ್ತಿರುವಾಗ ನಾವು ಎಷ್ಟೋ ಸಲ ನೆನೆದಿದ್ದೇವೆ. ಕೊಡಗಿನ ಆನಂದಪುರದಲ್ಲಿ ಇಂದಿಗೂ ಉಳಿದಿರುವುದು ಅವರ ಹೆಸರೇ.

ಇನ್ನು ಸಂಧಿಕಾಲಕ್ಕೆ ಬರೋಣ. 1914ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾಯಿತು. ನಿನ್ನೆಯವರೆಗೆ ‘ದೊರೆ’ ಆಗಿದ್ದ ಜರ್ಮನ್ ಪಾದ್ರಿ ಬೆಳಗಾಗುವಷ್ಟರಲ್ಲಿ ಬ್ರಿಟಿಷ್ ಸರಕಾರಕ್ಕೆ ಶತ್ರುವಾದ. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು. ಆಮೇಲೆ ಹೆಂಗಸರು ಮಕ್ಕಳ ಸಮೇತ ಹಡಗೇರಿಸಿ ಕಳುಹಿಸಿದರು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸುಮಾರು 80 ವರ್ಷ ಯಾರೋ ಕೈಹಿಡಿದು ನಡೆಸಿದ ಸಭೆ ಏಕಾಏಕಿ ತಾನೇ ನಡೆಯಬೇಕಾಯಿತು. ನಡೆಸಿದವರು ಕನ್ನಡ, ತುಳು ಮನೆಮಾತಿನ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು. ದೀಪ ಆರಲಿಲ್ಲ.

ಅದೇ ಯುದ್ಧಕಾಲದಲ್ಲಿ ಅಮೆರಿಕದ ಜರ್ಮನ್ ಲುಥೆರನ್ ಸಭೆಗಳ ಮೇಲೂ ಸಂಶಯದ ಕಣ್ಣು ಬಿತ್ತು. 1917-18ರಲ್ಲಿ ಜರ್ಮನ್ ನುಡಿಯೇ ಅಪರಾಧವೆಂಬಂತಾಯಿತು. ಮೊದಲೇ ಇಂಗ್ಲಿಷಿನತ್ತ ವಾಲುತ್ತಿದ್ದ ಸಭೆಗಳು ಬೇಗಬೇಗನೆ ವಾಲಿದವು. ಎರಡು ಮೂರು ತಲೆಮಾರುಗಳಲ್ಲಿ ಮೊಮ್ಮಕ್ಕಳಿಗೆ ಅಜ್ಜನ ಪ್ರಾರ್ಥನಾ ಪುಸ್ತಕ ಓದಲು ಬಾರದಾಯಿತು. ಮಂಗಳೂರಿನ ಸಭೆಗೆ ಈ ಕಷ್ಟ ಬರಲಿಲ್ಲ. ಅಲ್ಲಿ ಜರ್ಮನ್ ರಾಗ ಇತ್ತು, ಹಾಡು ಕನ್ನಡದ್ದಾಗಿತ್ತು. ಹೇಳಿಕೊಟ್ಟವರು ಹೋದರೂ ಹಾಡು ಹಾಡುವವರದಾಗಿ ಉಳಿಯಿತು. ಈ ವ್ಯತ್ಯಾಸವನ್ನು ನಾವು, ಜೆರಿಕೋದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು, ಎರಡು ಸಲ ಯೋಚಿಸಬೇಕು.

ಯುದ್ಧಾನಂತರ ಮಿಷನ್ ಮತ್ತೆ ಬಂತು, ಆದರೆ ಹಳೆಯ ಯಜಮಾನಿಕೆ ಬರಲಿಲ್ಲ. ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ತೆರೆದ ಸಣ್ಣ ಚಿಕಿತ್ಸಾಲಯ ಇಂದು ಅವರ ಹೆಸರಿನ ಆಸ್ಪತ್ರೆ. ನೂರು ವರ್ಷ ದಾಟಿದರೂ ಜನರ ಬಾಯಲ್ಲಿ ಅದು ‘ಮಿಷನ್ ಆಸ್ಪತ್ರೆ’ಯೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಬಾಸೆಲ್ ಮಿಷನ್‌ನಿಂದ ಬೆಳೆದ ನಮ್ಮ ನಾಡಿನ ಸಭೆಗಳು ಇಂದು ಇರುವುದು ಆ ಐಕ್ಯದೊಳಗೆ. ಲುಥೆರನ್, ರಿಫಾರ್ಮ್ಡ್ ಎಂಬ ಯುರೋಪಿನ ಹೆಸರುಗಳು ಹಿಂದೆ ಸರಿದವು. ಹೆಸರು ಬದಲಾದಾಗ ನಾವು ಯಾರು ಎಂಬ ಪ್ರಶ್ನೆ ಏಳುತ್ತದೆ. ಉತ್ತರಕ್ಕೆ ಹಳೆಯ ಕಾಗದಗಳೇ ಗತಿ.

ಆ ಕಾಗದಗಳು ಉಳಿದಿವೆ ಎಂಬುದೇ ಭಾಗ್ಯ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಹಳೆಯ ಪುಸ್ತಕಗಳೂ ದಾಖಲೆಗಳೂ ಇವೆ. ಬಾಸೆಲ್‌ನಲ್ಲಿ ವರದಿಗಳು, ಪತ್ರಗಳು, ಸಾವಿರಾರು ಛಾಯಾಚಿತ್ರಗಳಿವೆ. ಚಿತ್ರಗಳನ್ನು ಈಗ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಕಳೆದ ಚಳಿಗಾಲದಲ್ಲಿ ಮಕ್ಕಳೊಡನೆ ನೋಡಿದೆವು. ನೇಯ್ಗೆಯ ಮಗ್ಗಗಳು, ಹಂಚಿನ ಸಾಲುಗಳು, ಶಾಲೆಯ ಮಕ್ಕಳು. ಎಷ್ಟೋ ಚಿತ್ರಗಳಲ್ಲಿ ಕುರ್ಚಿಯ ಮೇಲೆ ಕುಳಿತ ಯುರೋಪಿಯನ್ನರ ಹೆಸರಿದೆ. ಹಿಂದೆ ನಿಂತ ನಮ್ಮವರ ಹೆಸರಿಲ್ಲ. ‘ಇವರು ಯಾರಪ್ಪ?’ ಎಂದು ಮಗಳು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. 1914ರ ನಂತರ ಸಭೆಯನ್ನು ಹೊತ್ತು ನಿಂತವರು ಅಂಥವರ ಮಕ್ಕಳೇ ಇರಬೇಕು.

ಮರುದಿನ ನೆಲಮಾಳಿಗೆಯ ಪೆಟ್ಟಿಗೆಯನ್ನು ಮತ್ತೆ ತೆರೆದೆವು. ನಾಟಕದ ಫೋಟೋಗಳನ್ನು ತಿರುಗಿಸಿ ನೋಡಿದರೆ ಅಲ್ಲಿಯೂ ಹೆಸರಿಲ್ಲ. ಅಧ್ಯಕ್ಷರು ಗೊತ್ತು, ಮುಖ್ಯ ಅತಿಥಿಗಳು ಗೊತ್ತು. ಇನ್ನೂರು ಜನಕ್ಕೆ ಬಿಸಿಬೇಳೆ ಭಾತ್ ಮಾಡಿದ ಅಮ್ಮಂದಿರು, ಪರದೆ ಕಟ್ಟಿದವರು, ಭಾನುವಾರ ಅ ಆ ಇ ಈ ತಿದ್ದಿಸಿದವರು ಯಾರು? ನಾವೂ ಅದೇ ತಪ್ಪನ್ನು ಮಾಡಿದ್ದೇವೆ.

ಇದನ್ನು ತಿದ್ದಿಕೊಳ್ಳಲು ಇನ್ನೂ ಸಮಯವಿದೆ, ಆದರೆ ಹೆಚ್ಚು ಇಲ್ಲ. ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಈ ವಾರ್ಷಿಕೋತ್ಸವಕ್ಕೆ ಬರುವಾಗ ಮನೆಯಲ್ಲಿರುವ ಹಳೆಯ ಫೋಟೋಗಳನ್ನು ತನ್ನಿ. ಹಿರಿಯರನ್ನು ಒಂದು ಮೇಜಿನ ಸುತ್ತ ಕೂರಿಸೋಣ, ಕಾಫಿ ಕೊಡೋಣ, ಒಂದೊಂದು ಮುಖಕ್ಕೂ ಹೆಸರು ಕೇಳಿ ಹಿಂಬದಿಯಲ್ಲಿ ಬರೆಸೋಣ. ಬರೆಯುವ ಕೆಲಸ ಮಕ್ಕಳದಾಗಲಿ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ, ಕನ್ನಡದಲ್ಲಿರಲಿ. ನಮ್ಮ ಪೆಟ್ಟಿಗೆಯನ್ನು ನಾವು ಖಂಡಿತ ತರುತ್ತೇವೆ.