ಹಸಿದ ಊರಿನಲ್ಲಿ ಹುಟ್ಟಿದ ಬಂದೂಕು

ಎಕೆ-47 ಹೆಸರು ಕೇಳದವರು ನಮ್ಮ ಓದುಗರಲ್ಲಿ ಇರಲಿಕ್ಕಿಲ್ಲ. ಸಿನಿಮಾದಲ್ಲಿ ನೋಡಿರುತ್ತೀರಿ, ಸುದ್ದಿಯಲ್ಲಿ ಓದಿರುತ್ತೀರಿ. ಆದರೆ ಅದಕ್ಕಿಂತ ಮೊದಲು ಅದೇ ರಷ್ಯಾದಲ್ಲಿ ಇನ್ನೊಂದು ಪುಟ್ಟ ಬಂದೂಕು ಬಂದಿತ್ತು. ಹೆಸರು ಪಿಪಿಎಸ್-43. ನೋಡಲು ಚೆಂದವಿಲ್ಲ. ತಗಡು ಮಡಚಿ, ಬೆಸುಗೆ ಹಾಕಿ, ಮೊಳೆ ಹೊಡೆದು ಮಾಡಿದ ಹಾಗೆ ಕಾಣುತ್ತದೆ. ನಿಜಕ್ಕೂ ಮಾಡಿದ್ದು ಹೆಚ್ಚುಕಡಿಮೆ ಹಾಗೆಯೇ. ಎರಡನೇ ಮಹಾಯುದ್ಧದ ಸಬ್‌ಮಷಿನ್ ಗನ್‌ಗಳಲ್ಲಿ ಇದನ್ನು ಮೀರಿಸಿದ್ದು ಇಲ್ಲ ಎಂದು ಬಂದೂಕು ಬಲ್ಲವರು ಅನೇಕರು ಹೇಳುತ್ತಾರೆ. ಅದು ಹಾಗೆ ಯಾಕಾಯಿತು ಅಂತ ತಿಳಿಯಲು ಬಂದೂಕಿಗಿಂತ ಮೊದಲು ಒಂದು ಊರಿನ ಕಥೆ ಕೇಳಬೇಕು.

ಊರು ಲೆನಿನ್‌ಗ್ರಾಡ್. ಈಗ ಅದನ್ನು ಸೇಂಟ್ ಪೀಟರ್ಸ್‌ಬರ್ಗ್ ಎನ್ನುತ್ತಾರೆ. 1941ರ ಜೂನ್ 22ರಂದು ಜರ್ಮನಿಯ ಸೇನೆ ಸೋವಿಯತ್ ದೇಶದ ಮೇಲೆ ಬಿತ್ತು. ಸೆಪ್ಟೆಂಬರ್ 8ರ ಹೊತ್ತಿಗೆ ಲೆನಿನ್‌ಗ್ರಾಡ್‌ಗೆ ನೆಲದ ಮೇಲಿನ ದಾರಿಗಳೆಲ್ಲ ಬಂದ್. ದಕ್ಷಿಣದಲ್ಲಿ ಜರ್ಮನರು, ಉತ್ತರದಲ್ಲಿ ಫಿನ್ಲೆಂಡಿನ ಸೇನೆ, ಪೂರ್ವಕ್ಕೆ ಲಡೋಗಾ ಎಂಬ ಸಮುದ್ರದಂಥ ಸರೋವರ. ಒಳಗೆ ಸುಮಾರು 25 ಲಕ್ಷ ಜನ.

ನವೆಂಬರ್ 20ರಿಂದ ಕಾರ್ಖಾನೆ ಕೆಲಸಗಾರರಿಗೆ ದಿನಕ್ಕೆ 250 ಗ್ರಾಂ ಬ್ರೆಡ್, ಉಳಿದ ನೌಕರರಿಗೆ, ಮನೆಯಲ್ಲಿದ್ದವರಿಗೆ, ಮಕ್ಕಳಿಗೆ 125 ಗ್ರಾಂ. ನಮ್ಮ ಕಡೆಯ ಒಂದು ರಾಗಿಮುದ್ದೆ ಮುರಿದರೆ ಅರ್ಧ ಭಾಗವೇ ಅಷ್ಟು ತೂಗೀತು. ಅದೂ ಶುದ್ಧ ಹಿಟ್ಟಿನದಲ್ಲ. ಹತ್ತಿಕಾಳಿನ ಹಿಂಡಿ, ಮರದಿಂದ ತೆಗೆದ ನಾರಿನ ಪುಡಿ ಬೆರೆಸಿದ್ದು. ಹತ್ತಿಕಾಳಿನ ಹಿಂಡಿ ನಾವು ಎಮ್ಮೆಗೆ ಹಾಕುವುದು. ಡಿಸೆಂಬರ್ 25ರವರೆಗೆ ಈ ಪಡಿಯೇ ನಡೆಯಿತು. ಹೊರಗೆ ಹಿಮ, ಮನೆಯಲ್ಲಿ ಉರಿಸಲು ಕಟ್ಟಿಗೆ ಇಲ್ಲ, ವಿದ್ಯುತ್ ಹೆಚ್ಚುಕಡಿಮೆ ನಿಂತೇಹೋಗಿತ್ತು, ನಲ್ಲಿಗಳಲ್ಲಿ ನೀರಿಲ್ಲ. 872 ದಿನ ನಡೆದ ಈ ದಿಗ್ಬಂಧನದಲ್ಲಿ ಸತ್ತ ಊರಿನವರ ಸಂಖ್ಯೆ ಸುಮಾರು 6 ಲಕ್ಷ 32 ಸಾವಿರ ಎಂದು ಸೋವಿಯತ್ ಸರ್ಕಾರ ಯುದ್ಧದ ನಂತರ ಲೆಕ್ಕ ಕೊಟ್ಟಿತು. ಅದಕ್ಕಿಂತ ಬಹಳ ಹೆಚ್ಚು ಎನ್ನುತ್ತಾರೆ ನಂತರದ ಇತಿಹಾಸಕಾರರು. ಅವರಲ್ಲಿ ಬಹುಪಾಲು ಸತ್ತಿದ್ದು ಗುಂಡಿಗಲ್ಲ, ಹಸಿವಿಗೆ.

ಇಂಥ ಊರಿನಲ್ಲೇ ಬಂದೂಕಿನ ಕಾರ್ಖಾನೆ ನಡೆಯಬೇಕಿತ್ತು. ಊರ ಕಾವಲಿಗೆ ನಿಂತ ಸೈನಿಕರಿಗೆ ಆಯುಧ ಬೇಕು, ಹೊರಗಿನಿಂದ ತರಿಸೋಣ ಎಂದರೆ ಇದ್ದಿದ್ದು ಒಂದೇ ದಾರಿ: ಬೇಸಿಗೆಯಲ್ಲಿ ಲಡೋಗಾದ ಮೇಲೆ ದೋಣಿ, ಚಳಿಗಾಲದಲ್ಲಿ ಅದೇ ಸರೋವರ ಹೆಪ್ಪುಗಟ್ಟಿದ ಮೇಲೆ ಲಾರಿ. ಬರುವ ಒಂದೊಂದು ಲಾರಿಯಲ್ಲೂ ಹಿಟ್ಟು ತರುವುದೋ ಉಕ್ಕು ತರುವುದೋ ಎಂಬ ಲೆಕ್ಕ.

ಇಲ್ಲಿ ಸ್ವಲ್ಪ ಬಂದೂಕಿನ ವಿಚಾರ ಹೇಳಿಬಿಡುತ್ತೇವೆ.

ಸಬ್‌ಮಷಿನ್ ಗನ್ ಎಂದರೆ ಪಿಸ್ತೂಲಿನ ಸಣ್ಣ ತೋಟಾವನ್ನೇ ಒಂದರ ಹಿಂದೆ ಒಂದು ಬಿಡದೆ ಹಾರಿಸುವ ಆಯುಧ. ದೂರಕ್ಕೆ ಪ್ರಯೋಜನವಿಲ್ಲ. ನೂರಿನ್ನೂರು ಮೀಟರ್ ಒಳಗೆ, ಓಣಿಯಲ್ಲಿ, ಕಾಡಿನಲ್ಲಿ, ಕಂದಕದಲ್ಲಿ ಇದರ ಕೆಲಸ. ರಷ್ಯಾದ ಸೇನೆಗೆ ಮೊದಲು ಇದರ ಮೇಲೆ ಅಷ್ಟೇನೂ ಗೌರವ ಇರಲಿಲ್ಲ. ದೆಗ್ತ್ಯರ್ಯೋವ್ ಎಂಬ ಹಿರಿಯ ವಿನ್ಯಾಸಕ ಮಾಡಿದ ಪಿಪಿಡಿ ಎಂಬ ಗನ್ನನ್ನು 1935ರಲ್ಲಿ ಒಪ್ಪಿ, 1939ರಲ್ಲಿ ಬೇಡವೆಂದು ತಯಾರಿಕೆ ನಿಲ್ಲಿಸಿಬಿಟ್ಟಿದ್ದರು. ಅದೇ ವರ್ಷದ ಚಳಿಗಾಲದಲ್ಲಿ ಫಿನ್ಲೆಂಡ್ ಜೊತೆ ಯುದ್ಧ ಶುರುವಾಯಿತು. ಹಿಮದ ಕಾಡಿನಲ್ಲಿ ಸ್ಕೀ ಕಟ್ಟಿಕೊಂಡು ಬಂದ ಫಿನ್ನರ ಕೈಯಲ್ಲಿ ಸುವೋಮಿ ಎಂಬ ಸಬ್‌ಮಷಿನ್ ಗನ್ ಇತ್ತು. ಅದರ ಪೆಟ್ಟು ತಿಂದ ಮೇಲೆ ರಷ್ಯನ್ನರಿಗೆ ಬುದ್ಧಿ ಬಂತು. ಅವಸರದಲ್ಲಿ ಪಿಪಿಡಿ ಮತ್ತೆ ಶುರುವಾಯಿತು.

ಪಿಪಿಡಿಯ ತೊಂದರೆ ಏನೆಂದರೆ ಅದರ ಭಾಗಗಳನ್ನು ಗಟ್ಟಿ ಉಕ್ಕಿನಿಂದ ಕೊರೆದು ತೆಗೆಯಬೇಕು. ತಾಲೂಕು ಕೇಂದ್ರದ ಲೇತ್ ಅಂಗಡಿ ನೋಡಿದವರಿಗೆ ಇದು ಗೊತ್ತು. ಉಕ್ಕಿನ ದಿಂಡು ಸುತ್ತುತ್ತದೆ, ಉಳಿ ತಾಗುತ್ತದೆ, ಸುರುಳಿ ಸುರುಳಿಯಾಗಿ ಚೂರು ಕೆಳಗೆ ಬೀಳುತ್ತದೆ. ಕೊನೆಗೆ ಕೈಗೆ ಸಿಗುವ ಸಾಮಾನಿಗಿಂತ ನೆಲದ ಮೇಲಿನ ಚೂರೇ ಹೆಚ್ಚು. ನುರಿತ ಮೇಸ್ತ್ರಿ ಬೇಕು, ಗಂಟೆಗಟ್ಟಲೆ ಕರೆಂಟು ಬೇಕು.

ಶ್ಪಾಗಿನ್ ಎಂಬಾತ 1941ರಲ್ಲಿ ಪಿಪಿಎಸ್‌ಎಚ್ ತಂದ. ತಗಡನ್ನು ಅಚ್ಚಿನಲ್ಲಿ ಒತ್ತಿ ಹಲವು ಭಾಗ ಮಾಡುವ ವಿಧಾನವನ್ನು ಅದಕ್ಕೆ ಬಳಸಿದ. ಯುದ್ಧದ ಫೋಟೊಗಳಲ್ಲಿ ರಷ್ಯಾದ ಸೈನಿಕನ ಎದೆಯ ಮೇಲೆ ದುಂಡನೆಯ ಡಬ್ಬಿ ಇರುವ ಬಂದೂಕು ನೋಡಿದ್ದರೆ ಅದು ಇದೇ. ಆ ಡಬ್ಬಿಯಲ್ಲಿ 71 ತೋಟಾ. ಐವತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ಒಳ್ಳೆಯ ಬಂದೂಕೇ. ಆದರೆ ಡಬ್ಬಿ ತುಂಬಿದರೆ 5 ಕಿಲೋ ದಾಟುತ್ತಿತ್ತು. ಡಬ್ಬಿಗೆ ತೋಟಾ ತುಂಬುವುದೇ ಒಂದು ಕಾಟ. ಮರದ ಹಿಂಬದಿ ಮಡಚಲು ಬರುವುದಿಲ್ಲ. ಟ್ಯಾಂಕಿನ ಇಕ್ಕಟ್ಟಿನಲ್ಲಿ ಕೂತವನಿಗೆ, ವಿಮಾನದಿಂದ ಧುಮುಕುವವನಿಗೆ, ರಾತ್ರಿ ತೆವಳಿಕೊಂಡು ಶತ್ರುವಿನ ಸಾಲು ದಾಟುವ ಬೇಹಿನವನಿಗೆ ಅದು ಹೊರೆ. ಹೀಗಾಗಿ 1942ರಲ್ಲಿ ಇನ್ನೂ ಹಗುರ, ಇನ್ನೂ ಅಗ್ಗದ ಗನ್‌ಗೆ ಸೇನೆ ಸ್ಪರ್ಧೆ ಕರೆಯಿತು.

ಗೆದ್ದವನು ಅಲೆಕ್ಸಿ ಇವಾನೊವಿಚ್ ಸುದಾಯೆವ್. ವೋಲ್ಗಾ ಸೀಮೆಯ ಅಲಾತಿರ್ ಎಂಬ ಸಣ್ಣ ಪಟ್ಟಣದವನು, ಹುಟ್ಟಿದ್ದು 1912. ಅಪ್ಪ ಅಂಚೆ ಇಲಾಖೆಯ ಟೆಲಿಗ್ರಾಫ್ ಮೆಕ್ಯಾನಿಕ್. ಹುಡುಗನಿಗೆ ಹನ್ನೆರಡು ತುಂಬುವ ಹೊತ್ತಿಗೆ ಅಪ್ಪ ತೀರಿಕೊಂಡ. ಮಗ ಫಿಟ್ಟರ್ ಕೆಲಸ ಕಲಿತ, ಆಮೇಲೆ ಓದಿ ಎಂಜಿನಿಯರ್ ಆದ, ಸೇನೆಯ ಆರ್ಟಿಲರಿ ಅಕಾಡೆಮಿ ಸೇರಿದ. ಕೈಯಲ್ಲಿ ಅರ ಹಿಡಿದು ಬೆಳೆದವನು ಎನ್ನುವುದು ಅವನ ಬಂದೂಕಿನಲ್ಲಿ ಕಾಣುತ್ತದೆ ಎಂದು ನಮಗನ್ನಿಸುತ್ತದೆ. ಯಾವ ಭಾಗ ಮಾಡಲು ಎಷ್ಟು ಬೆವರು ಸುರಿಯುತ್ತದೆ ಎಂದು ತಿಳಿದವನ ವಿನ್ಯಾಸ ಅದು.

ಲೆಕ್ಕ ನೋಡಿ. ಒಂದು ಪಿಪಿಎಸ್‌ಎಚ್ ಮಾಡಲು 13.9 ಕಿಲೋ ಲೋಹ, ಯಂತ್ರದ ಮೇಲೆ 7.3 ಗಂಟೆ ಕೆಲಸ. ಸುದಾಯೆವ್‌ನ ಗನ್‌ಗೆ 6.2 ಕಿಲೋ ಲೋಹ, 2.7 ಗಂಟೆ. ಒಂದು ಹಳೆಯದು ಮಾಡುವ ಹೊತ್ತಿನಲ್ಲಿ ಎರಡೂವರೆಗಿಂತ ಹೆಚ್ಚು ಹೊಸದು. ಬೇರೆ ಕಡೆ ಇದು ಉಳಿತಾಯ. ಲೆನಿನ್‌ಗ್ರಾಡ್‌ನಲ್ಲಿ ಇದು ಸಾವು ಬದುಕಿನ ಮಾತು. ಗಂಡಸರು ಯುದ್ಧಕ್ಕೆ ಹೋಗಿದ್ದರು. ಯಂತ್ರದ ಮುಂದೆ ನಿಂತವರು ಹೆಂಗಸರು, ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರು. ನಿಂತಲ್ಲೇ ಕುಸಿಯುವಷ್ಟು ಹಸಿದವರು. ಮೇಸ್ತ್ರಿಗೆ ಹತ್ತು ವರ್ಷದಲ್ಲಿ ಬರುವ ಕೈಚಳಕವನ್ನು ಅವರಿಂದ ಕೇಳುವಂತಿಲ್ಲ. ತಗಡನ್ನು ಪ್ರೆಸ್ಸಿನ ಕೆಳಗಿಟ್ಟು ಒತ್ತುವುದು, ಅಂಚು ಕೂಡಿಸಿ ವೆಲ್ಡಿಂಗ್ ಮಾಡುವುದು, ರಿವೆಟ್ ಹೊಡೆಯುವುದನ್ನು ಕೆಲವು ದಿನಗಳಲ್ಲಿ ಕಲಿಯಬಹುದು.

ಸುದಾಯೆವ್‌ನನ್ನು 1942ರ ಕೊನೆಯಲ್ಲಿ ಲೆನಿನ್‌ಗ್ರಾಡ್‌ಗೇ ಕಳಿಸಿದರು. ಸೆಸ್ತ್ರೊರೆತ್ಸ್ಕ್ ಎಂಬ ಪಕ್ಕದ ಪಟ್ಟಣದ ಹಳೆಯ ಬಂದೂಕು ಕಾರ್ಖಾನೆಯ ಯಂತ್ರಗಳನ್ನು ಆಗಲೇ ನಗರದೊಳಗೆ ಸಾಗಿಸಿದ್ದರು. ಅಲ್ಲಿ ಪಿಪಿಡಿ ಬಿಟ್ಟು ಹೊಸ ಗನ್ ಶುರುವಾಯಿತು. ಇನ್ನೊಂದು ಸಂಗತಿ ನಮ್ಮ ಗಮನಕ್ಕೆ ಬಂತು. ಅದೇ 1942ರ ಶರತ್ಕಾಲದಲ್ಲಿ ಲಡೋಗಾದ ತಳದಲ್ಲಿ ಕೇಬಲ್ ಎಳೆದು ವೋಲ್ಖೊವ್ ಜಲವಿದ್ಯುತ್ ಕೇಂದ್ರದಿಂದ ನಗರಕ್ಕೆ ಕರೆಂಟು ತಂದಿದ್ದರು. ಅದಿಲ್ಲದೆ ಪ್ರೆಸ್ಸೂ ಓಡುತ್ತಿರಲಿಲ್ಲ, ವೆಲ್ಡಿಂಗೂ ಆಗುತ್ತಿರಲಿಲ್ಲ. ಬಂದೂಕಿನ ಪುಸ್ತಕಗಳಲ್ಲಿ ಕೇಬಲ್ ಎಳೆದವರ ಸುದ್ದಿ ಬರುವುದು ಕಡಿಮೆ.

ಸುದಾಯೆವ್ ಕಾರ್ಖಾನೆಯಲ್ಲೇ ಕೂರಲಿಲ್ಲ. ಗನ್‌ಗಳ ಜೊತೆ ಯುದ್ಧದ ಸಾಲಿಗೂ ಹೋಗಿ, ಬಳಸಿದ ಸೈನಿಕರ ದೂರು ಕೇಳಿ ಬಂದು ತಿದ್ದುತ್ತಿದ್ದ. ಕಾರ್ಖಾನೆಗೂ ಕಾಳಗಕ್ಕೂ ನಡುವೆ ಅಂಥ ದೂರವೇನೂ ಇರಲಿಲ್ಲ. 1943ರ ಜನವರಿ 18ರಂದು ದಿಗ್ಬಂಧನದಲ್ಲಿ ಒಂದು ಕಿರಿದಾದ ಬಿರುಕು ಬಿಟ್ಟಿತು, ನೆಲದ ದಾರಿ ಸಿಕ್ಕಿತು. ಪೂರ್ತಿ ಬಿಡುಗಡೆಗೆ ಇನ್ನೂ ಒಂದು ವರ್ಷ, 1944ರ ಜನವರಿ 27ರವರೆಗೆ ಕಾಯಬೇಕಾಯಿತು. ಈ ನಡುವೆ ಚಿಕ್ಕಪುಟ್ಟ ಬದಲಾವಣೆಗಳ ನಂತರ ಬಂದೂಕಿಗೆ ಪಿಪಿಎಸ್-43 ಎಂಬ ಹೆಸರು ನಿಂತಿತು.

ಇದು ಕೆಲಸ ಮಾಡುವ ರೀತಿ ಬಹಳ ಸರಳ. ನಳಿಕೆಯ ಹಿಂದೆ ಭಾರವಾದ ಒಂದು ಉಕ್ಕಿನ ಬೋಲ್ಟ್, ಅದರ ಹಿಂದೆ ಸ್ಪ್ರಿಂಗ್. ಬೋಲ್ಟ್ ಹಿಂದಕ್ಕೆಳೆದರೆ ಅಲ್ಲೇ ಸಿಕ್ಕಿ ನಿಲ್ಲುತ್ತದೆ. ಕುದುರೆ ಎಳೆದರೆ ಮುಂದೆ ಹಾರಿ, ಮ್ಯಾಗಜೀನ್‌ನಿಂದ ಒಂದು ತೋಟಾ ತಳ್ಳಿಕೊಂಡು ಹೋಗಿ ನಳಿಕೆಗೆ ಸೇರಿಸಿ, ಅದನ್ನೇ ಕುಟ್ಟಿ ಸಿಡಿಸುತ್ತದೆ. ಬೋಲ್ಟಿಗೆ ಬೀಗವಿಲ್ಲ, ಚಿಲಕವಿಲ್ಲ. ಮದ್ದಿನ ಒತ್ತಡ ಗುಂಡನ್ನು ಮುಂದಕ್ಕೂ ಬೋಲ್ಟನ್ನು ಹಿಂದಕ್ಕೂ ತಳ್ಳುತ್ತದೆ. ಗುಂಡು ಹಗುರ, ಬೋಲ್ಟ್ ಭಾರ. ಹಾಗಾಗಿ ಬೋಲ್ಟ್ ಮೈಮುರಿದು ಹಿಂದೆ ಸರಿಯುವಷ್ಟರಲ್ಲಿ ಗುಂಡು ನಳಿಕೆ ಬಿಟ್ಟಿರುತ್ತದೆ. ಖಾಲಿ ತೋಟಾ ಹೊರಗೆ ಬೀಳುತ್ತದೆ, ಸ್ಪ್ರಿಂಗ್ ಮತ್ತೆ ಬೋಲ್ಟನ್ನು ಮುಂದೆ ತಳ್ಳುತ್ತದೆ. ಕುದುರೆ ಬಿಡುವವರೆಗೆ ಇದೇ ಆಟ, ಸೆಕೆಂಡಿಗೆ ಹತ್ತು ಸಲ.

ಸುದಾಯೆವ್‌ನ ಜಾಣತನ ಇರುವುದು ಒಂದೇ ಭಾಗದಿಂದ ಎರಡು ಕೆಲಸ ತೆಗೆಯುವುದರಲ್ಲಿ. ಸ್ಪ್ರಿಂಗ್ ನೆಟ್ಟಗಿರಲು ಒಳಗೆ ಒಂದು ಕಡ್ಡಿ ಬೇಕಲ್ಲ, ಖಾಲಿ ತೋಟಾವನ್ನು ಹೊರಗೆ ತಟ್ಟುವುದೂ ಅದೇ ಕಡ್ಡಿ. ಅದಕ್ಕೆಂದು ಬೇರೆ ಭಾಗವೇ ಇಲ್ಲ. ನಳಿಕೆಯ ತುದಿಯಲ್ಲಿ ಬಾಗಿಸಿದ ಉಕ್ಕಿನ ಪಟ್ಟಿಯೊಂದಿದೆ, ಹೊರಬರುವ ಹೊಗೆಯ ರಭಸವನ್ನು ತಡೆದು ಬಂದೂಕು ಎಗರದಂತೆ ಹಿಡಿಯುತ್ತದೆ. ಒಂದೊಂದೇ ಗುಂಡು ಹಾರಿಸುವ ಗುಂಡಿ ಇಟ್ಟೇ ಇಲ್ಲ. ಅದು ಕುಂದಲ್ಲವೇ ಅಂದರೆ, ಬಂದೂಕಿನ ವೇಗ ನಿಮಿಷಕ್ಕೆ 600-700, ಪಿಪಿಎಸ್‌ಎಚ್‌ನಷ್ಟು ಅಬ್ಬರವಿಲ್ಲ. ಕೈ ಪಳಗಿದವನು ಕುದುರೆಯನ್ನು ಮೆಲ್ಲಗೆ ಮುಟ್ಟಿ ಬಿಟ್ಟರೆ ಒಂದೇ ಗುಂಡು ಹಾರುತ್ತದೆ. ಬಾಗಿದ ಮ್ಯಾಗಜೀನ್‌ನಲ್ಲಿ 35 ತೋಟಾ, ತುಂಬುವುದು ಸುಲಭ, ಸಿಕ್ಕಿಕೊಳ್ಳುವುದು ಕಡಿಮೆ. ಹಿಂಬದಿಯ ಕಬ್ಬಿಣದ ಆಸರೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಬಿಡಿಸಿದರೆ 82 ಸೆಂಟಿಮೀಟರ್, ಮಡಚಿದರೆ ಎರಡು ಅಡಿ. ತೂಕ ಸುಮಾರು 3 ಕಿಲೋ.

ಇಷ್ಟು ಒಳ್ಳೆಯದಾದರೆ ಹಳೆಯದನ್ನು ಯಾಕೆ ಬಿಡಲಿಲ್ಲ ಎಂದು ನೀವು ಕೇಳಬಹುದು. ದೇಶದ ತುಂಬ ಕಾರ್ಖಾನೆಗಳು ಪಿಪಿಎಸ್‌ಎಚ್‌ಗೆಂದೇ ಅಚ್ಚು, ಯಂತ್ರ ಜೋಡಿಸಿಕೊಂಡಿದ್ದವು. ಯುದ್ಧದ ನಡುವೆ ಅವನ್ನೆಲ್ಲ ನಿಲ್ಲಿಸಿ ಬದಲಿಸಿದರೆ ಆ ತಿಂಗಳುಗಳ ಬಂದೂಕು ಯಾರು ಕೊಡುತ್ತಾರೆ? ಎರಡೂ ಜೊತೆಯಲ್ಲೇ ನಡೆದವು. ಹೊಸದು ಒಳ್ಳೆಯದೆಂದು ಗೊತ್ತಿದ್ದೂ ಹಳೆಯ ಪಂಪ್‌ಸೆಟ್‌ನಲ್ಲೇ ಒಂದು ಬೆಳೆ ತೆಗೆಯುವ ರೈತನಿಗೆ ಇದು ಅರ್ಥವಾದೀತು.

ಅದೇ ದಿನಗಳಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ್ದ ಒಬ್ಬ ಟ್ಯಾಂಕ್ ಸಾರ್ಜೆಂಟ್ ಕೂಡ ತನ್ನದೇ ಸಬ್‌ಮಷಿನ್ ಗನ್ ಮಾಡಿ ಸೇನೆಗೆ ಕಳಿಸಿದ್ದ. ಪರೀಕ್ಷಿಸಿದವರು, ಇದು ಶ್ಪಾಗಿನ್, ಸುದಾಯೆವ್‌ರದ್ದಕ್ಕಿಂತ ತೊಡಕಿನದು, ದುಬಾರಿ ಎಂದು ತಿರಸ್ಕರಿಸಿದರು. ಸಾರ್ಜೆಂಟ್‌ನ ಹೆಸರು ಮಿಖಾಯಿಲ್ ಕಲಾಶ್ನಿಕೊವ್.

1944ರಲ್ಲಿ ಸುದಾಯೆವ್ ಹೊಸ ಬಗೆಯ ತೋಟಾಕ್ಕೆ ಒಂದು ಸ್ವಯಂಚಾಲಿತ ರೈಫಲ್ ಮಾಡಿದ. ಪರೀಕ್ಷೆಗಳಲ್ಲಿ ಮುಂದಿದ್ದದ್ದು ಅದೇ, ತೂಕ ಮಾತ್ರ ಹೆಚ್ಚಾಯಿತು, ಇಳಿಸು ಎಂದಿದ್ದರು. ಅಷ್ಟರಲ್ಲಿ ಅವನು ಕಾಯಿಲೆ ಬಿದ್ದ. 1946ರ ಆಗಸ್ಟ್ 17ರಂದು, 34 ತುಂಬುವ ಕೆಲವೇ ದಿನ ಮೊದಲು, ಮಾಸ್ಕೋದಲ್ಲಿ ತೀರಿಕೊಂಡ. ಅವನಿಲ್ಲದ ಸ್ಪರ್ಧೆ ಮುಂದುವರಿಯಿತು, ಕಲಾಶ್ನಿಕೊವ್ ಗೆದ್ದ, 1949ರಲ್ಲಿ ಎಕೆ ಸೇನೆಗೆ ಬಂತು.

ಸುದಾಯೆವ್‌ನ ತಗಡಿನ ಬಂದೂಕು ಮಾತ್ರ ಊರೂರು ಸುತ್ತಿತು. ಚೀನಾ ಮಾಡಿತು, ಪೋಲೆಂಡ್ ಮಾಡಿತು. ಅದಕ್ಕೂ ಮೊದಲು ಫಿನ್ಲೆಂಡ್ ಮಾಡಿತ್ತು. ಯಾರ ಸುವೋಮಿ ಕಂಡು ರಷ್ಯನ್ನರು ಎಚ್ಚೆತ್ತರೋ, ಯಾರ ಸೇನೆ ಲೆನಿನ್‌ಗ್ರಾಡ್‌ನ ಉತ್ತರಕ್ಕೆ ನಿಂತಿತ್ತೋ, ಅವರೇ ಕೈಗೆ ಸಿಕ್ಕ ಪಿಪಿಎಸ್‌ಗಳನ್ನು ಬಿಚ್ಚಿ ನೋಡಿ 1944ರಲ್ಲಿ ತಮ್ಮ 9 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ ನಕಲು ಮಾಡಿಕೊಂಡರು. ಯುದ್ಧ ಮುಗಿದ ಮೇಲೆ ಆ ಫಿನ್ನಿಷ್ ಕಾರ್ಖಾನೆಯ ಮುಖ್ಯಸ್ಥನಾಗಿದ್ದ ವಿಲ್ಲಿ ಡೌಸ್ ನಕ್ಷೆಯೊಂದಿಗೆ ಸ್ಪೇನ್ ಸೇರಿದ. ಅಲ್ಲಿ ಒವಿಯೆಡೊ ಎಂಬ ಊರಿನಲ್ಲಿ ಡಕ್ಸ್-53 ಎಂಬ ಹೆಸರಿನಲ್ಲಿ ಅದೇ ಬಂದೂಕು ಮತ್ತೆ ತಯಾರಾಯಿತು. ಅದನ್ನು ಕೊಂಡವರು ಪಶ್ಚಿಮ ಜರ್ಮನಿಯ ಗಡಿ ಕಾವಲು ಪಡೆಯವರು.