ಊರಿಗಾಂನ ಸೆಕೆ, ಅಂತರಗಂಗೆಯ ಬಂಡೆ

ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿ ನಮಗೊಂದು ಫಾರಂ ಕೊಟ್ಟರು. ಹೆಸರು, ವಯಸ್ಸು, ರಕ್ತದ ಗುಂಪು. ಕೊನೆಯಲ್ಲಿ ಒಂದು ಪ್ರಶ್ನೆ: ಯಾವುದಾದರೂ ಔಷಧಿ ತಗೊಳ್ತಿದ್ದೀರಾ? ನನ್ನ ಗೆಳೆಯ ಒಂದು ಕ್ಷಣ ಪೆನ್ನು ನಿಲ್ಲಿಸಿ, ‘ಇಲ್ಲ’ ಅಂತ ಬರೆದ. ಅವನ ಬ್ಯಾಗಲ್ಲಿ ಲಿಥಿಯಂ ಮಾತ್ರೆ ಇರೋದು ನನಗೆ ಗೊತ್ತಿತ್ತು. ಅವನ ಮುಖ ನೋಡಿದೆ. ‘ಬರೆದ್ರೆ ಹತ್ತೋಕೆ ಬಿಡಲ್ಲ ಮಗಾ’ ಅಂದ.

ಅವನ ಭಯ ಸುಳ್ಳಲ್ಲ. ಆದರೆ ಆ ‘ಇಲ್ಲ’ ನನಗೆ ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಊರಿಗಾಂ ಅನ್ನು ನೆನಪಿಸಿತು. ನನ್ನ ತಾತ ಗಣಿಗೆ ಇಳಿಯುತ್ತಿದ್ದ ಊರು ಅದು. ಸೆಕೆಗೆ ಮನುಷ್ಯನ ಮೈ ಎಷ್ಟು ತಡೆದೀತು ಅನ್ನೋ ಪ್ರಶ್ನೆ ಅಲ್ಲಿ ದಿನನಿತ್ಯದ್ದಾಗಿತ್ತು.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿತು. 1894ಕ್ಕೆ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು, 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು. ಚಿನ್ನದ ಜಾಡು ಹಿಡಿದು ಗಣಿಗಳು ಆಳಕ್ಕೆ ಇಳಿಯುತ್ತಾ ಹೋದವು. ಚಾಂಪಿಯನ್ ರೀಫ್ ಕೊನೆಗೆ ಮೂರು ಕಿಲೋಮೀಟರ್ ದಾಟಿತು. ಆ ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಮೀರುತ್ತದೆ. ಗಾಳಿಯಲ್ಲಿ ತೇವ ತುಂಬಿದರೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದೂ ಇಲ್ಲ. ಗಟ್ಟಿಮುಟ್ಟಾದ ಆಳುಗಳೇ ಕುಸಿದು ಬೀಳುತ್ತಿದ್ದರು. ಈ ಕುಸಿತವನ್ನೇ ವಿಷಯವಾಗಿಟ್ಟುಕೊಂಡು ಕ್ಯಾಪ್ಲನ್ ಎಂಬ ವೈದ್ಯರು 1944ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹಾಗೆ ಕುಸಿದು ಬೀಳೋದನ್ನ ಆಳಿನ ಹಣೆಬರಹ ಅಂತ ಬಿಡದೆ, ಕಾರಣ ಹುಡುಕಬೇಕಾದ ಸಂಗತಿ ಅಂತ ನೋಡಿದ್ದೇ ದೊಡ್ಡ ಮಾತು.

ಮನಸ್ಸಿನ ಔಷಧಿಗಳ ಕಥೆಯಲ್ಲೂ ಇದೇ ಸೆಕೆ, ಇದೇ ಉಪ್ಪು ಬರುತ್ತದೆ. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್, ಉನ್ಮಾದಕ್ಕೆ ಲಿಥಿಯಂ ಲವಣ ಕೆಲಸ ಮಾಡುತ್ತದೆ ಅಂತ ಬರೆದರು. ಅದೇ ಹೊತ್ತಿಗೆ ಅಮೆರಿಕದಲ್ಲಿ, ಉಪ್ಪು ಬಿಡಬೇಕಾಗಿದ್ದ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡ್ ಮಾರಿ, ಕೆಲವರು ಸತ್ತೂ ಹೋಗಿದ್ದರು. ಮೂತ್ರಪಿಂಡ ಲಿಥಿಯಂ ಅನ್ನು ಹೆಚ್ಚುಕಮ್ಮಿ ಸೋಡಿಯಂ ಥರವೇ ನಡೆಸಿಕೊಳ್ಳುತ್ತದೆ. ಮೈಯಲ್ಲಿ ಉಪ್ಪು, ನೀರು ಕಮ್ಮಿಯಾದರೆ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಲಿಥಿಯಂ ಅನ್ನೂ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಮ್ಮಿ. ಕೈ ನಡುಕ, ವಾಂತಿ, ತಡವರಿಸುವ ಹೆಜ್ಜೆ, ಮಂಕು: ಬಂಡೆಯ ಮೇಲೆ ಯಾವುದು ಆಗಬಾರದೋ ಅದೇ.

1952ರಲ್ಲಿ ಪ್ಯಾರಿಸ್‌ನ ವೈದ್ಯರು ಮನೋರೋಗಕ್ಕೆ ಬಳಸಿದ ಕ್ಲೋರ್‌ಪ್ರೊಮಜೀನ್ ಇನ್ನೂ ಸೋಜಿಗ. ಹೆನ್ರಿ ಲಬೋರಿ ಅದನ್ನು ಮೊದಲು ಶಸ್ತ್ರಚಿಕಿತ್ಸೆಯಲ್ಲಿ, ರೋಗಿಯ ಮೈಬಿಸಿ ಇಳಿಸಿ ಒಂಥರಾ ಶೀತನಿದ್ರೆಗೆ ತಳ್ಳುವ ಪ್ರಯತ್ನದಲ್ಲಿ ಬಳಸಿದ್ದರು. ಅಂದರೆ ಈ ಔಷಧಿ ಮೈಬಿಸಿಯನ್ನು ಮುಟ್ಟುತ್ತದೆ ಅನ್ನೋದು ಶುರುವಿನಿಂದಲೂ ಗೊತ್ತಿದ್ದ ವಿಷಯ. ಈ ಜಾತಿಯ ಮಾತ್ರೆ ತಗೊಳ್ಳುವವರು ಇವತ್ತಿಗೂ ಬಿಸಿಲಲ್ಲಿ ಜೋಪಾನವಾಗಿರಬೇಕು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಅದೇ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಇಷ್ಟು ಹತ್ತಿರದಲ್ಲಿ ಇಂಥ ಆಸ್ಪತ್ರೆ ಇದ್ದರೂ ಮಾತ್ರೆಯ ಹೆಸರು ಹೇಳೋಕೆ ನಮಗೆ ನಾಚಿಕೆ.

ಅವತ್ತು ಇಳಿಯುವಾಗ ಗೆಳೆಯನ ಮಂಡಿ ಹಿಡಿದುಕೊಂಡಿತು. ಹತ್ತು ಗಂಟೆಯ ಬಿಸಿಲು, ಬಾಟಲಿಯಲ್ಲಿ ನೀರು ಮುಗಿದಿತ್ತು. ಗುಂಪಿನ ಹುಡುಗಿಯೊಬ್ಬಳು ಪ್ರೀತಿಯಿಂದಲೇ ಐಬುಪ್ರೊಫೆನ್ ಮಾತ್ರೆ ಚಾಚಿದಳು. ಲಿಥಿಯಂ ತಗೊಳ್ಳುವವರಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಏರಿಸಬಲ್ಲವು. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ಫಾರಂನಲ್ಲಿ ‘ಇಲ್ಲ’ ಅಂತಿತ್ತು. ಅವನು ನನ್ನ ಕಡೆ ನೋಡಿದ. ‘ಬೇಡ, ನನಗೆ ಆಗಲ್ಲ’ ಅಂದ. ನಾನು ನನ್ನ ಬಾಟಲಿ ಕೊಟ್ಟೆ. ನೆರಳಲ್ಲಿ ಅರ್ಧ ಗಂಟೆ ಕೂತೆವು. ಅಷ್ಟಕ್ಕೇ ಮುಗಿಯಿತು, ಪುಣ್ಯ.

ತಾತನೂ ಹೀಗೇ ಮುಚ್ಚಿಡುತ್ತಿದ್ದರಂತೆ. ಕೆಳಗೆ ತಲೆಸುತ್ತು ಬಂದರೆ ಯಾರಿಗೂ ಹೇಳುತ್ತಿರಲಿಲ್ಲ, ಕೂಲಿ ಹೋದೀತು ಅಂತ. ಅಜ್ಜಿ ಇದನ್ನು ಹೇಳುವಾಗ ಈಗಲೂ ಬೈಯುತ್ತಾರೆ: ‘ಪಕ್ಕದಲ್ಲಿ ಕೆಲಸ ಮಾಡೋನಿಗಾದ್ರೂ ಹೇಳಬಾರದಿತ್ತಾ?’

ನನ್ನ ಮಾತೂ ಅಷ್ಟೇ. ಮಾತ್ರೆ ತಗೊಳ್ಳೋರು ಬಂಡೆ ಹತ್ತಬಾರದು ಅಂತಲ್ಲ. ಬೆಟ್ಟಕ್ಕೆ ಹೋಗಬೇಕು ಅಂತ ಮಾತ್ರೆ ಬಿಡೋದಂತೂ ಇನ್ನೂ ಅಪಾಯ. ಹತ್ತುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ: ಬಿಸಿಲು, ನೀರು, ಉಪ್ಪು, ನಿದ್ದೆ, ನೋವಿನ ಮಾತ್ರೆ, ಈ ಐದೂ. ಹಗ್ಗದ ಇನ್ನೊಂದು ತುದಿ ಹಿಡಿಯುವವರಿಗೆ ನಿಜ ಹೇಳಿ. ಟ್ರೆಕ್ ನಡೆಸುವವರಿಗೂ ಒಂದು ಮಾತು: ‘ಹೌದು’ ಅಂತ ಬರೆದವರನ್ನು ಸುಮ್ಮನೆ ವಾಪಸ್ ಕಳಿಸುತ್ತಾ ಹೋದರೆ, ಮುಂದೆ ನಿಮಗೆ ಸಿಗೋದು ಬರೀ ‘ಇಲ್ಲ’ಗಳೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆಯ ವಿಷಯದಲ್ಲಿ ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಗೆ ಸಮನಾಗಿ ಕಾಣಬೇಕು ಅನ್ನುತ್ತದೆ. ನಮ್ಮ ಫಾರಂಗಳೂ ಅದನ್ನು ಕಲಿಯಬೇಕು.

ಗಣಿ 2001ರಲ್ಲಿ ಮುಚ್ಚಿತು. ಗೆಳೆಯ ಮುಂದಿನ ತಿಂಗಳು ಮತ್ತೆ ಅಂತರಗಂಗೆಗೆ ಹೊರಟಿದ್ದಾನೆ. ಈ ಸಲ ಅವನ ಕೈಯಲ್ಲಿ ಎರಡು ಬಾಟಲಿ ನೀರು, ಡಾಕ್ಟರ್ ಬರೆದುಕೊಟ್ಟ ಒಂದು ಚೀಟಿ. ಫಾರಂನಲ್ಲಿ ಏನು ಬರೀತೀಯ ಅಂತ ಕೇಳಿದೆ. ‘ಮೊದಲು ಲೀಡರ್ ಹತ್ರ ಮಾತಾಡ್ತೀನಿ, ಆಮೇಲೆ ಬರೀತೀನಿ’ ಅಂದ.