ಸಗರನಾಡಿನಲ್ಲಿ ಮರ್ಯಾದೆಯ ಹಾದಿ

ಶಿಷ್ಟಾಚಾರದ ಚರಿತ್ರೆಯನ್ನು 1528ರಲ್ಲಿ ಪ್ರಕಟವಾದ ಕಾಸ್ತಿಲ್ಯೋನೆಯ ಆಸ್ಥಾನಿಕನ ಪುಸ್ತಕದಿಂದಲೋ, 1530ರಲ್ಲಿ ಎರಾಸ್ಮಸ್ ಹುಡುಗರಿಗೆಂದು ಬರೆದ ಕೈಪಿಡಿಯಿಂದಲೋ ಶುರುಮಾಡುವುದು ರೂಢಿ. ಯಾದಗಿರಿ, ಶಹಾಪುರ, ಸುರಪುರದ ಸೀಮೆಯಾದ ಸಗರನಾಡಿನಲ್ಲಿ ನಿಂತು ನೋಡಿದರೆ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಮಾನ್ಯಖೇಟ, ಕಲ್ಯಾಣ, ಕಲಬುರಗಿ, ವಿಜಯಪುರ ಎಂಬ ನಾಲ್ಕು ರಾಜಧಾನಿಗಳ ನೆರಳು ಬಿದ್ದ ನೆಲ ಇದು. ಇಲ್ಲಿಯ ನಡೆನುಡಿಗೆ ಒಂದೇ ಮೂಲ ಹುಡುಕುವುದು ವ್ಯರ್ಥ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಮಾನ್ಯಖೇಟದ ಆಸ್ಥಾನದ ಕೃತಿ. ಹದವರಿತು ಆಡುವುದು ಈ ನಾಡಿನ ಜನರ ಹುಟ್ಟುಗುಣವೆಂದು ಅದು ಮೆಚ್ಚುತ್ತದೆ. ಪರರ ವಿಚಾರವನ್ನೂ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತು ಎನ್ನುತ್ತದೆ. ಅಲ್ಲಿಂದ ಸುಮಾರು ಮುನ್ನೂರು ವರ್ಷಗಳ ಮೇಲೆ ಕಲ್ಯಾಣದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಊಟಕ್ಕೂ ಕ್ರಮವಿದೆ. ಹೊಕ್ಕುಳಿಂದ ಮೊಣಕಾಲಿನ ತನಕ ಬಿಳಿ ವಸ್ತ್ರ ಹಾಸಿಕೊಂಡು ಮೂಡಣಕ್ಕೆ ಮುಖಮಾಡಿ ಕೂರಬೇಕು. ಸೊಗಸಾದ ವಿವರಗಳೇ, ಆದರೆ ಅವೆಲ್ಲ ಅರಸನ ಸುತ್ತಲೇ ತಿರುಗುತ್ತವೆ.

ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ ಶರಣರು ಮರ್ಯಾದೆಯನ್ನು ಅರಮನೆಯಿಂದ ಬೀದಿಗೆ ತಂದರು. ಮನೆಗೆ ಬಂದವರ ಕ್ಷೇಮ ಕೇಳದವರನ್ನು, ಕೂರಿ ಎನ್ನದವರನ್ನು ಬಸವಣ್ಣ ಕಟುವಾಗಿ ಕೇಳುತ್ತಾನೆ. ಎದುರಿನವನನ್ನು ಹೇಗೆ ಕರೆಯುತ್ತೀರಿ ಎಂಬುದರಲ್ಲೇ ಸ್ವರ್ಗ ನರಕಗಳನ್ನು ಕಾಣುತ್ತಾನೆ. ಅವನಿಗಿಂತ ಮೊದಲಿನ ಜೇಡರ ದಾಸಿಮಯ್ಯ ಸುರಪುರ ತಾಲ್ಲೂಕಿನ ಮುದನೂರಿನವನು, ನೇಕಾರ. ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲ ಎಂದವನು. ಶರಣು ಎಂದು ಕೈಮುಗಿಯುವುದು ಈ ಸೀಮೆಯಲ್ಲಿ ಇಂದಿಗೂ ದಿನದ ಬಳಕೆ. ನನ್ನ ಮಟ್ಟಿಗೆ ಇಲ್ಲಿಯ ಶಿಷ್ಟಾಚಾರದ ಬಹುದೊಡ್ಡ ತಿರುವು ಇದೇ.

1400ರ ಸುಮಾರಿಗೆ ಕಲಬುರಗಿಗೆ ಬಂದು ನೆಲೆಸಿದ ಖ್ವಾಜಾ ಬಂದೇ ನವಾಜ್ ಗುರುಶಿಷ್ಯರ ನಡವಳಿಕೆಯ ಕುರಿತ ಹಳೆಯ ಸೂಫಿ ಗ್ರಂಥಕ್ಕೆ 'ಖಾತಿಮಾ' ಎಂಬ ಅನುಬಂಧ ಬರೆದರು. ಸಭ್ಯ ನಡವಳಿಕೆ ಎಂಬರ್ಥದ ಅದಬು ಎಂಬ ಮಾತು ದರ್ಗಾದಲ್ಲೂ ದರ್ಬಾರಿನಲ್ಲೂ ಬೇರೂರಿತು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಆದಿಲಶಾಹಿಯ ಮೊದಲ ಸುಲ್ತಾನರು ಸೂಫಿ ಸಂತನ ಗೋರಿಯ ಹತ್ತಿರವೇ ಮಲಗಿದ್ದಾರೆ.

ದರ್ಬಾರಿನ ನಯ ಎಷ್ಟು ಕ್ರೂರವಾಗಬಲ್ಲದೆಂದು ಸಗರದ ಬೇಡ ನಾಯಕ ಪಾಮ್ ನಾಯಕ ಕಂಡ. 1687ರಲ್ಲಿ ಕೋಟೆ ಒಪ್ಪಿಸಿ ಔರಂಗಜೇಬನ ಸನ್ನಿಧಿಗೆ ಹೋದಾಗ ಆಸ್ಥಾನಿಕರು ಅವನ ರೂಪ ಕಂಡು ನಕ್ಕರು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಮುತ್ತಿನ ಹಾರ ತೊಟ್ಟು ನಕ್ಕವರನ್ನು ಸಭ್ಯರೆನ್ನಲು ನನಗೆ ಮನಸ್ಸಿಲ್ಲ.

ಅದೇ ವಂಶದ ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಾಲ್ಯದಲ್ಲಿ ಕಂಪನಿಯ ಪರವಾಗಿ ಸಂಸ್ಥಾನ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್. ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದ. 1858ರಲ್ಲಿ ಕಂಪನಿಯ ವಿರುದ್ಧದ ಬಂಡಾಯ ಮುರಿದು ರಾಜ ಸೆರೆಸಿಕ್ಕಾಗ ಟೇಲರ್ ಸಿಕಂದರಾಬಾದಿನಲ್ಲಿ ಅವನನ್ನು ಕಂಡ. 1877ರಲ್ಲಿ ಹೊರಬಂದ ಟೇಲರನ ಆತ್ಮಕಥೆಯಲ್ಲಿ ಆ ಭೇಟಿಯ ವಿವರವಿದೆ. ಪ್ರಚೋದಿಸಿದವರ ಹೆಸರು ಹೇಳಿದರೆ ಶಿಕ್ಷೆ ಸಡಿಲವಾಗಬಹುದಿತ್ತು, ರಾಜ ಹೇಳಲಿಲ್ಲ. ಕಳ್ಳನಂತೆ ನೇಣಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿರಿ ಎಂದಷ್ಟೇ ಕೇಳಿಕೊಂಡ. ಮರಣದಂಡನೆ ತಗ್ಗಿತು, ಆದರೆ ಸೆರೆವಾಸಕ್ಕೆ ಸಾಗಿಸುವ ದಾರಿಯಲ್ಲಿ ರಾಜ ಗುಂಡಿಗೆ ಸತ್ತ. ಯುರೋಪು ಜಂಟಲ್‌ಮನ್ ಬಗ್ಗೆ ಪುಸ್ತಕಗಳ ಮೇಲೆ ಪುಸ್ತಕ ಬರೆಯುತ್ತಿದ್ದ ಶತಮಾನ ಅದು. ಸಾವಿನೆದುರೂ ಹೆಸರು ಬಾಯಿಬಿಡದವನ ನಡತೆಗೆ ಆ ಪುಸ್ತಕಗಳು ಸೇರಿಸಬಹುದಾದದ್ದೇನೂ ಇರಲಿಲ್ಲ.

1948ರವರೆಗೂ ನಡೆದ ನಿಜಾಮನ ಆಳ್ವಿಕೆ ಶೇರವಾನಿ, ಸಲಾಮು, ಉರ್ದು ಬೆರೆತ ನಯವಾದ ಮಾತು ಕೊಟ್ಟಿತು. ಅದರ ಜೊತೆಜೊತೆಗೇ ಹಳ್ಳಿಗಳಲ್ಲಿ ಇನ್ನೊಂದು 'ಮರ್ಯಾದೆ' ನಡೆಯುತ್ತಿತ್ತು: ಗೌಡರ ವಾಡೆ ಮುಂದೆ ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕು, ಕಟ್ಟೆ ಮೇಲೆ ಕೂರಬಾರದು, ಚಹಾದಂಗಡಿಯಲ್ಲಿ ಬೇರೆ ಬಟ್ಟಲು. ಇದನ್ನು ಬಿಟ್ಟು ಬರೆದ ಶಿಷ್ಟಾಚಾರದ ಚರಿತ್ರೆ ಸುಳ್ಳಾಗುತ್ತದೆ. 1955ರ ಕಾಯ್ದೆ ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧವಾಗಿಸಿತು. ಶರಣರು ಬಾಯಲ್ಲಿ ಹೇಳಿದ್ದು ಆಗ ಪೊಲೀಸ್ ಠಾಣೆಯ ಪುಸ್ತಕಕ್ಕೂ ಬಂತು.

ಇಂದು ಯಾದಗಿರಿ ತಾಲ್ಲೂಕಿನ ಬಳಿಚಕ್ರದಂಥ ಊರಿಗೆ ಹೋದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ನಂತರ ಚಹಾ. ಹೆಸರು ಗೊತ್ತಿಲ್ಲದವನಿಗೂ 'ಬರ್ರಿ, ಕೂಡ್ರಿ'. ಆದರೆ ಅದೇ ಊರಿನ ರೈತ ಕಚೇರಿಯ ಕಿಟಕಿ ಮುಂದೆ ನಿಂತಾಗ ಅವನಿಗಿಂತ ಚಿಕ್ಕ ವಯಸ್ಸಿನ ಗುಮಾಸ್ತ ಏಕವಚನದಲ್ಲಿ ಗದರುವುದುಂಟು. ಮನೆಯೊಳಗೂ ಲೆಕ್ಕ ಬಾಕಿಯಿದೆ: ಹೆಂಡತಿ ಗಂಡನನ್ನು ಬಹುವಚನದಲ್ಲಿ ಕರೆಯುತ್ತಾಳೆ, ಗಂಡ ಅವಳನ್ನು ಏಕವಚನದಲ್ಲಿ. ಈಚಿನ ಜೋಡಿಗಳು ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕೂಗುತ್ತಾರೆ. ಕಾಲ ಕೆಟ್ಟಿತು ಎಂದು ಹಿರಿಯರು ಗೊಣಗುತ್ತಾರೆ. ಮುದನೂರಿನ ನೇಕಾರ ಬದುಕಿದ್ದರೆ ಆ ಗೊಣಗಾಟಕ್ಕೆ ದನಿಗೂಡಿಸುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.